ಎಡಕ್ಕೆ ಕಟ್ಟಿದ ಜಾಮಾ

ಭೀಮಸೇನ ಎಂದು ಹೆಸರಿಟ್ಟವರು ಮಗುವಿನ ಮುಖವನ್ನಷ್ಟೇ ನೋಡಿರಬೇಕು, ಮೈಯನ್ನು ನೋಡಿಲ್ಲ. ಒಳ್ಳೆ ಕಡ್ಡಿಪೈಲ್ವಾನ. ಜಪಾನಿನ ಎಡೋಗಾವಾದ ನಮ್ಮ ಕಟ್ಟಡದಲ್ಲಿ ಜೋರು ಗಾಳಿ ಎದ್ದ ದಿನ, "ಒಣಗಿ ಹಾಕಿದ ಬಟ್ಟೆ ಜೊತೆ ಆ ಭೀಮಸೇನನಿಗೂ ಎರಡು ಕ್ಲಿಪ್ ಹಾಕ್ರೇ" ಎಂದು ನನ್ನ ಗಂಡ ರಾಘವ ತಮಾಷೆ ಮಾಡುತ್ತಿದ್ದ. ಭೀಮಸೇನ ನಮಗಿಂತ ಎರಡು ಮಹಡಿ ಮೇಲೆ ಇದ್ದ. ಬೆಂಗಳೂರಿನ ಗಾಂಧಿಬಜಾರಿನ ಹಿಂದಿನ ಬೀದಿಯಲ್ಲಿ ಬೆಳೆದವನು, ಇಲ್ಲಿ ಒಂದು ವಿಮಾ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವ ಕೆಲಸ. ನನ್ನನ್ನು ಮೊದಲ ದಿನವೇ ಅಕ್ಕ ಎಂದು ಕರೆದ. ಹಾಗೆ ಕರೆದವರನ್ನು ಬೈಯುವ ಹಕ್ಕು ತಾನಾಗಿಯೇ ಬರುತ್ತದೆ ಎಂದುಕೊಂಡಿರುವವಳು ನಾನು, ಆ ಹಕ್ಕನ್ನು ಧಾರಾಳವಾಗಿ ಬಳಸಿಕೊಂಡೆ.

ಅವನಿಗೊಂದು ಹುಚ್ಚಿತ್ತು. ಮೊಗಲರ ಕಾಲದ ಪುಟ್ಟ ಪುಟ್ಟ ಚಿತ್ರಗಳನ್ನು ನೋಡಿರುತ್ತೀರಲ್ಲ, ತಲೆಗೆ ಪೇಟ, ಕೈಯಲ್ಲೊಂದು ಹೂವು, ಮುಖ ಪಕ್ಕಕ್ಕೆ ತಿರುಗಿಸಿ ನಿಂತ ಸರದಾರರು, ಅಂಥದ್ದನ್ನು ಬರೆಯುವುದು. ಮದುವೆಗೆ ಮುಂಚೆ ಕಂಪನಿ ಅವನನ್ನು ಜೈಪುರಕ್ಕೆ ಹಾಕಿತ್ತಂತೆ. ಅಲ್ಲಿ ಭಾಷೆ ಬಾರದೆ, ಊಟ ಸೇರದೆ, ಭಾನುವಾರ ಹೊತ್ತು ಹೋಗದೆ ಹಳೆಯ ಪೇಟೆಯ ಒಬ್ಬ ಮುದಿ ಉಸ್ತಾದರ ಮನೆಗೆ ಹೋಗಿ ಕೂತ. ಮೊದಲ ವರ್ಷವೆಲ್ಲ ಉಸ್ತಾದರು ಕುಂಚ ಮುಟ್ಟಲು ಬಿಡದೆ ಕಾಗದ ಅಂಟಿಸುವುದು, ನುಣುಪು ಕಲ್ಲಿನಿಂದ ಅದನ್ನು ಉಜ್ಜುವುದು, ಇಷ್ಟನ್ನೇ ಮಾಡಿಸಿದರಂತೆ. "ನಾನಾಗಿದ್ರೆ ಎರಡನೇ ವಾರಕ್ಕೇ ಕಲ್ಲು ಅವರ ತಲೆ ಮೇಲೆ ಹಾಕಿ ಬರ್ತಿದ್ದೆ" ಅಂದೆ. ಅವನು ನಕ್ಕ. "ಅಕ್ಕಾ, ಉಜ್ಜಿ ಉಜ್ಜಿ ಕಾಗದ ಹೊಳೆಯೋಕೆ ಶುರುವಾಗತ್ತಲ್ಲ, ಆಗ ಒಂಥರಾ ಮನಸ್ಸು ಕ್ವಯಟ್ ಆಗತ್ತೆ" ಅಂದ. ಇಂಥವರನ್ನು ಏನು ಮಾಡಲಾಗುತ್ತದೆ?

ಅವನ ಹೆಂಡತಿ ಅಮೂಲ್ಯ ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ತಮ್ಮನ ಮದುವೆಗೆಂದು ಮಗಳನ್ನು ಎತ್ತಿಕೊಂಡು ಬೆಂಗಳೂರಿಗೆ ಹೋದಳು. ಯುಗಾದಿ ಮುಗಿಸಿ ಬರುವವಳು. ಅಷ್ಟರಲ್ಲಿ ಜಗತ್ತಿಗೆ ಬಾಗಿಲು ಬಿತ್ತು. ಜಪಾನು ತನ್ನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿತು, ಇಲ್ಲೇ ವರ್ಷಗಟ್ಟಲೆ ತೆರಿಗೆ ಕಟ್ಟಿದ ನಮ್ಮಂಥವರೂ ಹೊರಗೆ ಹೋದರೆ ಹೊರಗೇ. ಅಮೂಲ್ಯಳ ಇಲ್ಲಿನ ವಾಸದ ಕಾರ್ಡಿನ ಅವಧಿ ಅವಳು ಅಲ್ಲಿದ್ದಾಗಲೇ ಮುಗಿಯಿತು. ಆಮೇಲೆ ಹಳಬರಿಗೆ ಬಾಗಿಲು ಅರ್ಧ ತೆರೆದರೂ ಅವಳು ಹೊಸಬಳ ಲೆಕ್ಕಕ್ಕೆ ಬಿದ್ದಳು. ಭೀಮಸೇನ ಹೋದರೆ ವಾಪಸು ಬರುವ ಭರವಸೆಯಿಲ್ಲ, ಇದ್ದರೆ ಅವರು ಬರುವ ಹಾಗಿಲ್ಲ. ಕೆಲಸ ಬಿಟ್ಟು ಹೋಗು ಎಂದು ನಾನು ಒಂದೆರಡು ಸಲ ರೇಗಿದ್ದೂ ಉಂಟು. "ಅಲ್ಲಿ ಇರೋರನ್ನೇ ತೆಗೀತಿದಾರೆ ಅಕ್ಕಾ, ನನ್ನನ್ನ ಯಾರು ತಗೋತಾರೆ? ನೆಕ್ಸ್ಟ್ ಮಂತ್ ವೀಸಾ ಓಪನ್ ಆಗತ್ತಂತೆ" ಅನ್ನುತ್ತಿದ್ದ. ಆ ಮುಂದಿನ ತಿಂಗಳು ಅನ್ನುವುದೇ ಅವನನ್ನು ಕಟ್ಟಿಹಾಕಿದ್ದು. ಬಾಗಿಲು ತೆರೆಯುವುದೇ ಇಲ್ಲ ಎಂದು ಯಾರಾದರೂ ಖಂಡಿತವಾಗಿ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದನೋ ಏನೋ.

ಮಗಳು ಅಲ್ಲಿ ಮಾತು ಕಲಿತಳು. ಅಜ್ಜಿಯ ಮನೆಗೆ ಯಾರೇ ಬಂದು ಫೋನು ಹೊರಗೆ ತೆಗೆದರೂ ಅದನ್ನು ಕಿತ್ತುಕೊಂಡು "ಅಪ್ಪ" ಎಂದು ಮುತ್ತು ಕೊಡುತ್ತಾಳೆಂದು ಅಮೂಲ್ಯ ಹೇಳಿದಳಂತೆ. ಇದನ್ನು ಅವನು ನಗುತ್ತಾ ನನಗೆ ಹೇಳಿ, ಹೇಳಿ ಮುಗಿಸುವಷ್ಟರಲ್ಲಿ ಬೇರೆ ಕಡೆ ತಿರುಗಿಕೊಂಡ.

ಕೆಲಸ ಮನೆಯಿಂದಲೇ. ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ಸಂಜೆ ಏಳುವುದು, ಕೊಂಬಿನಿ ಅನ್ನುವ ಮೂಲೆಯಂಗಡಿಗೆ ಹೋಗಿ ಹಾಲು ತರುವುದು, ಮತ್ತೆ ಅದೇ ಕಿಟಕಿಯ ಹತ್ತಿರ ಚಿತ್ರದ ಹಲಗೆ ಇಟ್ಟುಕೊಂಡು ಕೂರುವುದು. ಬಾಯಿಬಿಟ್ಟು ಮಾತಾಡುತ್ತಿದ್ದುದು ನಮ್ಮ ಮನೆಯವರ ಜೊತೆ, ಇಲ್ಲವಾದರೆ ತನ್ನ ಪಕ್ಕದ ಮನೆಯ ಹಿರೋಸೆ ಅಜ್ಜಿಯ ಜೊತೆ.

ಹಿರೋಸೆ ಸಾನ್ ಎಂಬತ್ತರ ಹತ್ತಿರದ ಹೆಂಗಸು. ಭೀಮಸೇನನಿಗೆ ಮೂಲಂಗಿ ಕೊಡುವರು, ಅವನು ಅದಕ್ಕೆ ಬೇಳೆ ಹಾಕಿ ಹುಳಿ ಮಾಡಿ ಅರ್ಧ ವಾಪಸು ಕೊಡುವನು. ಇಬ್ಬರೂ ಮಾಸ್ಕ್ ಹಾಕಿಕೊಂಡು ಮನೆಗಳ ಮುಂದಿನ ಪಡಸಾಲೆಯ ಎರಡು ತುದಿಯಲ್ಲಿ ನಿಂತು ಮಾತಾಡುವರು. ಅಜ್ಜಿಯ ಗಂಡ ನಿವೃತ್ತ ರೈಲು ಚಾಲಕರು. ಆ ಬೇಸಿಗೆಯಲ್ಲಿ ಪಾರ್ಶ್ವವಾಯು ಬಡಿದು ಆಸ್ಪತ್ರೆ ಸೇರಿದ್ದರು. ಆಂಬುಲೆನ್ಸಿನ ಬಾಗಿಲು ಮುಚ್ಚಿದಾಗ ನೋಡಿದ್ದೇ ಕೊನೆ, ಅಲ್ಲಿಂದಾಚೆಗೆ ಭೇಟಿ ಇಲ್ಲ. ಆಸ್ಪತ್ರೆಯವರು ಆಗೊಮ್ಮೆ ಈಗೊಮ್ಮೆ ಒಂದು ಪರದೆಯ ಮೇಲೆ ಮುಖ ತೋರಿಸುವರು. ಅಜ್ಜ ಆ ಪರದೆಯನ್ನು ನೋಡುವರು, ಅದರೊಳಗೆ ಹೆಂಡತಿ ಇದ್ದಾಳೆಂದು ಅವರಿಗೆ ಹೊಳೆಯದು. ಊಟ ಬಿಡುತ್ತಾ ಬಂದರು. ಚಮಚ ಬಾಯಿಗೆ ತಂದರೆ ಹಲ್ಲು ಕಚ್ಚುತ್ತಾರೆ ಎಂದು ನರ್ಸಮ್ಮ ಹೇಳಿದಳಂತೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಭೀಮಸೇನ ಪಡಸಾಲೆಯ ಬಿಸಿಲಿಗೆ ಒಂದು ಚಿತ್ರ ಇಟ್ಟು ಕಾಯುತ್ತಿದ್ದ. ಅಜ್ಜಿ ಅದನ್ನು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ, "ನಮ್ಮ ಮನೆಯವರನ್ನು ಹೀಗೆ ರಾಜನ ಹಾಗೆ ಬರೆದುಕೊಡುತ್ತೀರಾ? ನೋಡಿದರೆ ನಗುತ್ತಾರೆ. ನಕ್ಕರೆ ಬಾಯಿ ತೆರೆಯುತ್ತಾರೆ. ತೆರೆದರೆ ಆ ಹುಡುಗಿ ಒಂದು ಚಮಚ ಒಳಗೆ ಹಾಕಬಹುದು" ಎಂದರು. ಅಂಗೈಯಷ್ಟು ಕಾಗದವಾದರೆ ಆಸ್ಪತ್ರೆಯವರು ಒಳಗೆ ಬಿಡುತ್ತಾರೆಂದೂ ವಿಚಾರಿಸಿಕೊಂಡಿದ್ದರು.

ಭೀಮಸೇನನನ್ನು ಆ ವರ್ಷ ಯಾರೂ ಏನನ್ನೂ ಕೇಳಿರಲಿಲ್ಲ. ಈ ಕೆಲಸವನ್ನು ಅವನು ಹಬ್ಬದ ಹಾಗೆ ಹಿಡಿದುಕೊಂಡ. ಅಜ್ಜಿ ಕೊಟ್ಟ ಫೋಟೋಗಳಿಂದ ಅಜ್ಜನ ಮೂಗು, ಕಿವಿಯ ದೊಡ್ಡ ಹಾಲೆ, ಗದ್ದದ ಕೆಳಗಿನ ಮಚ್ಚೆ ತೆಗೆದ. ಹೊರಗಿನಿಂದ ಒಳಗಿನ ಇಜಾರು ಕಾಣುವಷ್ಟು ತೆಳ್ಳಗಿನ ಬಿಳಿ ಮಸ್ಲಿನ್ನಿನ ಜಾಮಾ ತೊಡಿಸಿದ. ಜಾಮಾ ಎಂದರೆ ಎದೆಯ ಮೇಲೆ ಒಂದರ ಮೇಲೊಂದು ಪದರ ಬಂದು ಕಂಕುಳ ಕೆಳಗೆ ಲಾಡಿ ಕಟ್ಟುವ, ಕೆಳಗೆ ನೆರಿಗೆ ಬಿಟ್ಟ ನಿಲುವಂಗಿ. ಸೊಂಟಕ್ಕೆ ಹೂವಿನ ಅಂಚಿನ ಪಟ್ಟಿ. ಆ ಪಟ್ಟಿಯಲ್ಲಿ ಸರದಾರರು ಕಠಾರಿ ಸಿಗಿಸಿಕೊಳ್ಳುತ್ತಾರಲ್ಲ, ಅಲ್ಲಿ ಇವನು ಹಳೆಯ ರೈಲಿನ ಚಾಲಕರು ಪಾಳಿ ಮುಗಿದಾಗ ಕಿತ್ತು ಕೈಯಲ್ಲಿ ಹಿಡಿದು ಬರುತ್ತಿದ್ದ ಬ್ರೇಕಿನ ಹಿಡಿಯನ್ನು ಸಿಗಿಸಿದ. ನನಗೆ ತೋರಿಸಿದಾಗ ನಾನೇ ನಕ್ಕುಬಿಟ್ಟೆ.

"ಲಾಡಿ ನೋಡಿದ್ರಾ ಅಕ್ಕಾ?" ಅಂದ, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ.

"ಏನಾಗಿದೆ ಅದಕ್ಕೆ?"

"ಉಸ್ತಾದರು ಮೊದಲು ಹೇಳಿಕೊಟ್ಟಿದ್ದೇ ಅದು. ದರ್ಬಾರಿನಲ್ಲಿ ಮುಸಲ್ಮಾನರು ಬಲ ಕಂಕುಳ ಕೆಳಗೆ ಕಟ್ಟೋರು, ಹಿಂದೂಗಳು ಎಡಕ್ಕೆ. ಚಿತ್ರದಲ್ಲಿ ಹೆಸರಿಲ್ಲದಿದ್ರೂ ಲಾಡಿ ನೋಡಿ ಯಾರ ಪೈಕಿ ಅಂತ ಹೇಳಬಹುದು. ಹಿರೋಸೆ ಅಜ್ಜ ಬುದ್ಧನಿಗೆ ಕೈ ಮುಗಿಯೋರು. ಸೋ, ಲೆಫ್ಟ್. ಅದು ಚೆನ್ನಾಗಿ ಕಾಣ್ಲಿ ಅಂತಾನೇ ಅವರನ್ನ ಎಡಕ್ಕೆ ತಿರುಗಿಸಿ ನಿಲ್ಲಿಸಿದೀನಿ."

ನಾನು ಸರಿ ಎಂದೆ. ನನ್ನ ಬ್ಲೌಸಿನ ಹುಕ್ಕು ಯಾವ ಕಡೆಗಿದೆ ಎಂದು ಕೇಳಿದರೂ ನಾನು ನೋಡಿಯೇ ಹೇಳಬೇಕು, ಮೊಗಲರ ಲಾಡಿಯ ವಿಷಯ ನನಗೇನು ಗೊತ್ತು.

ಅಜ್ಜಿಗೆ ಚಿತ್ರ ಕೊಟ್ಟ ದಿನ ನಾನೂ ಅಲ್ಲಿದ್ದೆ. ಮುಖ ನೋಡಿ ಅವರ ಕಣ್ಣು ಅರಳಿತು, ಬ್ರೇಕಿನ ಹಿಡಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ದೃಷ್ಟಿ ಎದೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಬಗ್ಗಿ ನಮಸ್ಕರಿಸಿದರು, ಅರಿಗಾತೋ ಎಂದರು, ಮತ್ತೊಮ್ಮೆ ಇನ್ನೂ ಕೆಳಗೆ ಬಗ್ಗಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಖುಷಿಗೆ ಮಾತು ಬರಲಿಲ್ಲ ಎಂದು ನಾವು ಅಂದುಕೊಂಡೆವು.

ಚಿತ್ರ ಆಸ್ಪತ್ರೆಗೆ ಹೋಗಲಿಲ್ಲ. ಭೀಮಸೇನ ಕೇಳಿದಾಗಲೆಲ್ಲ ಅಜ್ಜಿ, "ಈಗ ಸಾಮಾನು ತೆಗೆದುಕೊಳ್ಳುತ್ತಿಲ್ಲವಂತೆ, ಸುಮಿಮಾಸೆನ್, ಕ್ಷಮಿಸಿ" ಅನ್ನುವರು. ಮೂಲಂಗಿ ಬರುವುದು ನಿಂತಿತು. ಅಜ್ಜ ಇನ್ನೂ ಇಳಿದು ಹೋಗಿದ್ದಾರೆ, ಮೂಗಿಗೆ ನಳಿಕೆ ಹಾಕುವ ಮಾತಾಡುತ್ತಿದ್ದಾರೆ ಎಂಬ ಸುದ್ದಿ ಕೆಳಗಿನ ಮನೆಯವರಿಂದ ಬಂತು. ಭೀಮಸೇನ ಕಂಗಾಲಾದ. "ಅವರಿಗೆ ಚಿತ್ರ ಇಷ್ಟ ಆಗ್ಲಿಲ್ವೇನೋ ಅಕ್ಕಾ. ಗಂಡನ್ನ ಜೋಕರ್ ಮಾಡ್ಬಿಟ್ಟೆ ಅಂತ ಬೇಜಾರಾಗಿದೆ" ಎಂದು ಕೊರಗಿದ.

ಒಗಟು ಬಿಡಿಸಿದ್ದು ನನ್ನ ಮಗಳು ಪ್ರಣತಿ. ಇಲ್ಲೇ ಹುಟ್ಟಿದವಳು, ಇಲ್ಲಿನ ಸರ್ಕಾರಿ ಶಾಲೆಗೆ ಹೋಗುವವಳು. ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ನನ್ನ ಫೋನಿನಲ್ಲಿದ್ದ ಆ ಚಿತ್ರದ ಫೋಟೋ ನೋಡಿ ಹುಬ್ಬು ಗಂಟಿಕ್ಕಿದಳು.

"ಮಮ್ಮಾ, ವೆನ್ ಡಿಡ್ ಹಿರೋಸೆ ಓಜೀಸಾನ್ ಡೈ?"

"ಥೂ, ಬಿಡ್ತು ಅನ್ನು! ಅಜ್ಜ ಇದ್ದಾರೆ ಕಣೇ, ಆಸ್ಪತ್ರೇಲಿದ್ದಾರೆ."

"ದೆನ್ ವೈ ಈಸ್ ಹಿ ಡ್ರೆಸ್ಡ್ ಲೈಕ್ ದಟ್?" ಎಂದು ತನ್ನ ಎದೆಯ ಮೇಲೆ ಎರಡು ಕೈ ಅಡ್ಡ ಇಟ್ಟು ತೋರಿಸಿದಳು. ಇಲ್ಲಿಯವರಲ್ಲಿ ಬದುಕಿದ್ದವರಿಗೆ ಎಡಗಡೆಯ ಪದರ ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಬೇಸಿಗೆಯ ಹಬ್ಬಕ್ಕೆ ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟಾಗ ಅವಳು ಹಾಗೆ ತಿರುವುಮುರುವು ಸುತ್ತಿಕೊಂಡು ಹೋಗಿದ್ದಳಂತೆ, ಟೀಚರು ಓಡಿ ಬಂದು ಅಲ್ಲೇ ಬಿಚ್ಚಿ ಸರಿಮಾಡಿದ್ದರಂತೆ. ಸುತ್ತಿ ಕಳಿಸಿದವಳು ನಾನೇ.

ಎಡಕ್ಕೆ ಲಾಡಿ ಕಟ್ಟಬೇಕಾದರೆ ಬಲಗಡೆಯ ಪದರ ಮೇಲೆ ಬರಲೇಬೇಕು. ಜೈಪುರದ ಉಸ್ತಾದರ ಪಾಠ ಒಂದಿನಿತೂ ತಪ್ಪಿರಲಿಲ್ಲ. ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸಿ, ಊಟ ಬಿಟ್ಟು ಮಲಗಿದ ಗಂಡನಿಗೆ ಹೆಣದ ಉಡುಗೆ ತೊಡಿಸಿ, ಅದನ್ನು ಎರಡು ಕೈಯಲ್ಲಿ ಹಿಡಿದು ಹೆಂಡತಿಗೆ ಉಡುಗೊರೆ ಕೊಟ್ಟಿದ್ದ ನಮ್ಮ ಭೀಮಸೇನ.

ನಾನು ಮೆಟ್ಟಿಲು ಹತ್ತಿ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಮೆತ್ತಗೆ ಹೇಳುವುದು ನನಗೆ ಬರುವುದಿಲ್ಲ. "ಇಷ್ಟ್ ದಿನ ಒಂದು ಮಾತು ಹೇಳ್ಲಿಲ್ವಲ್ಲ ಅಕ್ಕಾ ಅವರು" ಎಂದು ಅದನ್ನೇ ಹೇಳುತ್ತಾ ಕೂತ.

"ಅವರು ಹೇಳಲ್ಲ. ನಾವೇ ಹೋಗ್ಬೇಕು. ಏಳು" ಅಂದೆ.

ಅಜ್ಜಿ ಬಾಗಿಲು ತೆರೆದಾಗ ಭೀಮಸೇನ ನೆಲ ನೋಡುತ್ತಾ ಬಗ್ಗಿದವನು ಏಳಲೇ ಇಲ್ಲ. ನಮ್ಮ ಕಡೆ ಎಡಕ್ಕೆ ಕಟ್ಟುತ್ತಿದ್ದರೆಂದು ತನ್ನ ಹರಕು ಜಪಾನಿ ಭಾಷೆಯಲ್ಲಿ ಹೇಗೋ ಹೇಳಿದ. ಅಜ್ಜಿಯ ಮುಖದಲ್ಲಿ ಎಂಥ ನೆಮ್ಮದಿ ಬಂತೆಂದರೆ ನನಗೆ ನಾಚಿಕೆಯಾಯಿತು. ಒಳಗಿನಿಂದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚಿತ್ರ ತಂದರು. "ಇಷ್ಟು ಕಷ್ಟಪಟ್ಟು ಬರೆದಿದ್ದೀರಿ, ಹೇಗೆ ಹೇಳಲಿ? ಕಳಿಸಲೂ ಕೈ ಬರಲಿಲ್ಲ. ದಿನಾ ತೆಗೆದು ಅವರ ಮುಖ ಮಾತ್ರ ನೋಡುತ್ತಿದ್ದೆ, ಕೆಳಗೆ ಕೈಯಿಂದ ಮುಚ್ಚಿಕೊಂಡು" ಎಂದರು.

ಅವನು ಚಿತ್ರ ತಂದು ಒದ್ದೆ ಕುಂಚದಿಂದ ಎದೆಯ ಮೇಲಿನ ಓರೆ ಗೆರೆಯನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿ ತೆಗೆದ. ಹೆಚ್ಚು ನೀರಾದರೆ ಕಾಗದ ಏಳುತ್ತದೆ, ಕಡಿಮೆಯಾದರೆ ಬಣ್ಣ ಬಿಡುವುದಿಲ್ಲ. ಎಡ ಕಂಕುಳ ಕೆಳಗಿನ ಲಾಡಿಗಳನ್ನೆಲ್ಲ ಅಳಿಸಿದ. ಒಣಗಿದ ಮೇಲೆ ಚಿತ್ರ ಮಗುಚಿ ಹಾಕಿ ಹಿಂದಿನಿಂದ ಕಲ್ಲಿನಲ್ಲಿ ಉಜ್ಜಿದ, ಮತ್ತೆ ಬಿಳಿ ಹಚ್ಚಿದ, ಗೆರೆಯನ್ನು ಇನ್ನೊಂದು ಕಡೆಯಿಂದ ಎಳೆದ. ಬದಲಾಗಿದ್ದು ಒಂದು ಕೂದಲೆಳೆಯ ಗೆರೆ ಮತ್ತು ನಾಲ್ಕು ಲಾಡಿ. ಅಜ್ಜಿ ನೋಡಿ, "ಈಗ ಬಂದರು" ಎಂದರು.

ಚಿತ್ರ ಆಸ್ಪತ್ರೆಗೆ ಹೋಯಿತು. ಮುಂದಿನ ವಾರ ಪರದೆಯ ಮೇಲೆ ನರ್ಸಮ್ಮ ಅದನ್ನು ಅಜ್ಜನ ಮುಂದೆ ಹಿಡಿದು ತೋರಿಸಿದಳಂತೆ. ಅಜ್ಜ ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿಂದ ಸೊಂಟದ ಬ್ರೇಕಿನ ಹಿಡಿ ಮುಟ್ಟಿ, ಗಂಟಲಲ್ಲೇ ಹ ಹ ಎಂದರು. ಆ ಹುಡುಗಿ ತಡಮಾಡದೆ ಪುಡ್ಡಿಂಗಿನ ಚಮಚ ಒಳಗಿಟ್ಟಳು. ನುಂಗಿದರು. ಅಜ್ಜಿ ಪಡಸಾಲೆಯಲ್ಲಿ ನಿಂತು ನಮಗೆ ಅದನ್ನು ಅಭಿನಯಿಸಿ ತೋರಿಸಿದರು. ಮೂಲಂಗಿ ಮತ್ತೆ ಬರತೊಡಗಿತು. ಡಿಸೆಂಬರ್ ಪೂರ್ತಿ ಅಜ್ಜ ಉಂಡರು. ಭೀಮಸೇನ ಆ ತಿಂಗಳು ಎರಡು ಕಿಲೋ ದಪ್ಪಗಾದ ಎಂದು ರಾಘವನ ವಾದ, ನನಗೇನೂ ಕಾಣಲಿಲ್ಲ.

ಹೊಸ ವರ್ಷ ಬಂದು ಸ್ವಲ್ಪ ದಿನಕ್ಕೆ ಆ ಆಸ್ಪತ್ರೆಯೊಳಗೂ ರೋಗ ಹೊಕ್ಕಿತು. ಅಜ್ಜನ ವಾರ್ಡಿನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ. ಅಜ್ಜಿಗೆ ಒಂದು ಫೋನು ಬಂತು, ಜ್ವರ ಎಂದು. ಇನ್ನೊಂದು ಫೋನು ಬಂತು. ಆ ಕಾಲದಲ್ಲಿ ಹಾಗೆ ಹೋದವರನ್ನು ಚೀಲದಲ್ಲಿ ಹಾಕಿ ಮುಚ್ಚಿ ಸೀದಾ ಚಿತಾಗಾರಕ್ಕೆ ಒಯ್ಯುತ್ತಿದ್ದರು. ಮನೆಯವರು ಮೈ ತೊಳೆಯುವುದಿಲ್ಲ, ಬಿಳಿ ಉಡುಗೆ ಉಡಿಸುವುದಿಲ್ಲ, ಮುಖವನ್ನೂ ನೋಡುವುದಿಲ್ಲ. ಒಂದು ಬೆಳಿಗ್ಗೆ ಮೈತುಂಬಾ ಪ್ಲಾಸ್ಟಿಕ್ ತೊಟ್ಟ ಇಬ್ಬರು ನಮ್ಮ ಕಟ್ಟಡದ ಬಾಗಿಲಲ್ಲಿ ಅಸ್ಥಿಯ ಪೆಟ್ಟಿಗೆ ಅಜ್ಜಿಯ ಕೈಗಿತ್ತು, ಬಗ್ಗಿ, ಹೋದರು. ನಾವು ದೂರ ನಿಂತು ನೋಡಿದೆವು. ಅವರನ್ನು ಮುಟ್ಟುವ ಹಾಗಿರಲಿಲ್ಲ. ನನಗೆ ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಂದು ದಿನವೆಲ್ಲ ಪಾತ್ರೆ ಕುಕ್ಕಿದೆ.

ಫೆಬ್ರವರಿಯಲ್ಲಿ ಆಸ್ಪತ್ರೆಯಿಂದ ಅಜ್ಜನ ಸಾಮಾನು ಬಂತು. ಹಲ್ಲಿನ ಸೆಟ್ಟು, ಕನ್ನಡಕ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ಚಿತ್ರ. ನಾನು ಭೀಮಸೇನನಿಗೆ ಸಾರು ಕೊಡಲು ಹೋಗಿ ಅಲ್ಲೇ ಕೂತಿದ್ದ ಒಂದು ಸಂಜೆ ಅಜ್ಜಿ ಬಾಗಿಲು ತಟ್ಟಿದರು. ಚಿತ್ರವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನು ಮೊದಲಿನ ಹಾಗೆ ಮಾಡಿಕೊಡುತ್ತೀರಾ?"

ಭೀಮಸೇನನಿಗೆ ಅರ್ಥವಾಗಲಿಲ್ಲ. ಹಾಳಾಗಿದೆಯೇ ಎಂದು ತಿರುಗಿಸಿ ನೋಡಿದ.

"ಅವರಿಗೆ ಯಾರೂ ಉಡಿಸಲಿಲ್ಲ" ಎಂದರು ಅಜ್ಜಿ. "ಆಸ್ಪತ್ರೆಯ ಅಂಗಿಯಲ್ಲೇ ಕಳಿಸಿಬಿಟ್ಟರು. ಈ ಚಿತ್ರದಲ್ಲೂ ಬದುಕಿದ್ದವರ ಹಾಗೇ ಉಟ್ಟಿದ್ದಾರೆ. ಹೀಗೇ ಬಿಟ್ಟರೆ, ಮನೆಗೆ ಹೋಗಬೇಕು, ಯಾರಾದರೂ ಕರೆಯಲು ಬರುತ್ತಾರೆ ಎಂದು ಅಲ್ಲೇ ಕಾಯುತ್ತಾ ಕೂರುತ್ತಾರೆ. ಹೇಳಿದ ಮಾತು ಮೀರುವವರಲ್ಲ. ಸಿಗ್ನಲ್ ಬೀಳದೆ ಹೊರಡುವುದಿಲ್ಲ."

ಭೀಮಸೇನ ಕುಂಚ ತೆಗೆದುಕೊಂಡ, ನೀರಿನಲ್ಲಿ ಅದ್ದಿದ. ಕೈ ಚಿತ್ರದ ಹತ್ತಿರ ಹೋಗಿ ನಿಂತಿತು. ಕುಂಚವನ್ನು ತಿರುಗಿಸಿ ಅಜ್ಜಿಯ ಕಡೆ ಹಿಡಿದ.

"ನೀವೇ ಉಡಿಸಿ. ನಾನು ಹೇಳ್ತಾ ಹೋಗ್ತೀನಿ."

ಅಜ್ಜಿ ಬೇಡ ಎನ್ನಲಿಲ್ಲ. ಕೈ ತೊಳೆದು ಬಂದರು, ಕನ್ನಡಕ ಒರೆಸಿ ಹಾಕಿಕೊಂಡರು. ಅವನು ಹೇಳಿದ ಹಾಗೆ ಎದೆಯ ಮೇಲಿನ ಗೆರೆಯನ್ನು ಒದ್ದೆ ಮಾಡಿ, ಹತ್ತಿಯಿಂದ ಒತ್ತಿ ಒತ್ತಿ ತೆಗೆದರು. ಮೈ ಒರೆಸುವವರ ಹಾಗೆಯೇ ಒರೆಸಿದರು, ಕತ್ತಿನಿಂದ ಕೆಳಗೆ, ಅವಸರವಿಲ್ಲದೆ. ಬಿಳಿ ಹಚ್ಚಿ ಒಣಗುವವರೆಗೆ ಕಾದರು. ಆಮೇಲೆ ಬಲ ಹೆಗಲಿನಿಂದ ಎಡ ಕಂಕುಳವರೆಗೆ ಗೆರೆ ಎಳೆದರು. ಗೆರೆ ನಡುವೆ ಸ್ವಲ್ಪ ಸೊಟ್ಟಗಾಯಿತು. "ಬೇಡ, ಹಾಗೇ ಇರಲಿ. ನಾನು ಯಾವತ್ತೂ ಅವರಿಗೆ ನೆಟ್ಟಗೆ ಉಡಿಸಿದವಳಲ್ಲ" ಎಂದು ಅಜ್ಜಿ ನಕ್ಕರು, ನಗುತ್ತಲೇ ಅತ್ತರು. ನಾಲ್ಕು ಲಾಡಿಯನ್ನು ಒಂದೊಂದಾಗಿ ಕಟ್ಟಿದರು. ನಾನು ಸೆರಗಿಲ್ಲದ ಚೂಡಿದಾರದ ತೋಳಿನಲ್ಲೇ ಮೂಗು ಒರೆಸಿಕೊಂಡೆ.

ಚಿತ್ರವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಅವರು ತಮ್ಮ ಮನೆಗೆ ಹೋದರು. ಭೀಮಸೇನ ಕುಂಚ ತೊಳೆದು ಇಟ್ಟ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು, ಅಮೂಲ್ಯ. ಹೊಸಬರಿಗೆ ಸಂದಿಯಷ್ಟು ತೆರೆದ ಬಾಗಿಲು ಅವಳ ಕಾಗದ ಆಗುವ ಮುಂಚೆಯೇ ಜನವರಿಯಲ್ಲಿ ಮತ್ತೆ ಪೂರ್ತಿ ಮುಚ್ಚಿತ್ತು. ಅವನು ಫೋನನ್ನು ನೋಡುತ್ತಾ ನಿಂತ, ತೆಗೆಯಲಿಲ್ಲ.

"ತಗೊಳ್ಳೋ, ಮಗು ಕಾಯ್ತಿರತ್ತೆ" ಅಂದೆ.

"ತಗೋತೀನಿ ಅಕ್ಕಾ" ಅಂದ. ಗೋಡೆಯ ಆಚೆ ಅಜ್ಜಿ ಗಂಟೆ ಬಾರಿಸಿದ್ದು ಕೇಳಿಸಿತು, ಬುದ್ಧನ ಮುಂದಿನ ಪುಟ್ಟ ಗಂಟೆ. ಅವನು ಆ ಗೋಡೆಯ ಕಡೆ ಕತ್ತು ತಿರುಗಿಸಿ, "ಅಜ್ಜನಿಗಾದ್ರೂ ಹೊರಡೋಕಾಯ್ತು" ಅಂದ.

ನಾನು ಎದ್ದೆ. ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಬಿಸಿಮಾಡಿ, ಅವನಿಗೆ ತಟ್ಟೆ ಹಾಕಿದೆ.